ಲೆಕ್ಕ ಬರೆದವರು, ಲೆಕ್ಕಕ್ಕೆ ಸಿಕ್ಕವರು

1998ರ ಬೇಸಿಗೆಯಲ್ಲಿ, ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ, ಒಂದು ಸಮೀಕ್ಷಾ ತಂಡದೊಡನೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಹೋಗಿದ್ದೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಮಕ್ಕಳು ಹುಟ್ಟಿ ತೀರಿಕೊಂಡರು, ಯಾರು ಕುಡಿಯುತ್ತಾರೆ, ಯಾರಿಗೆ ಸಾಲವಿದೆ, ಯಾರಿಗೆ ಓದು ಬರುವುದಿಲ್ಲ ಎಂಬ ಪ್ರಶ್ನೆಗಳು ನಮ್ಮ ಹನ್ನೆರಡು ಪುಟಗಳ ಪ್ರಶ್ನಾವಳಿಯಲ್ಲಿದ್ದವು; ಕೊನೆಯ ಎರಡು ಪುಟಗಳಲ್ಲಿ ಕಾಡಿನ ಯಾವ ಬೇರು, ಯಾವ ತೊಗಟೆ ಯಾವ ಕಾಯಿಲೆಗೆ ಎಂದು ತುಂಬಿಸಬೇಕಾದ ಖಾಲಿ ಚೌಕಗಳಿದ್ದವು. ಒಂದು ಮನೆಯ ಜಗುಲಿಯಲ್ಲಿ ಮುಕ್ಕಾಲು ಗಂಟೆ ತಾಳ್ಮೆಯಿಂದ ಉತ್ತರಿಸಿದ ಅಜ್ಜಿಯೊಬ್ಬರು, ನಾನು ಎದ್ದು ನಿಂತಾಗ, ‘ಈ ಕಾಗ್ದ ಎಲ್ಲಾ ಎಲ್ಗ ಹೋದದು ಕೂಸೇ?’ ಎಂದು ಕೇಳಿದರು. ‘ಸರ್ಕಾರಕ್ಕೆ ಹೋಗುತ್ತೆ ಅಜ್ಜಿ, ನಿಮಗೆ ಒಳ್ಳೇದಾಗ್ಲಿ ಅಂತ’ ಎಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಆ ಕಾಗದಗಳು ಸಮೀಕ್ಷೆ ನಡೆಸಿದ ಸಂಸ್ಥೆಯ ಕಪಾಟಿಗೆ ಹೋದವು, ಇಂಗ್ಲಿಷಿನಲ್ಲಿ ಒಂದು ವರದಿಯಾಯಿತು, ಅದರ ಪ್ರತಿಯೊಂದನ್ನು ಗ್ರಂಥಾಲಯದಲ್ಲಿ ನಾನೇ ನೋಡಿದ್ದೇನೆ. ಪೋಡಿಗೆ ಏನೂ ಹಿಂದಿರುಗಲಿಲ್ಲ.

ಅಜ್ಜಿಯ ಪ್ರಶ್ನೆಯನ್ನು ಒಂದು ಇಡೀ ಜನಾಂಗ ಕೇಳಿ, ಉತ್ತರ ಬರುವವರೆಗೆ ಬಿಡದೆ, ಅದಕ್ಕಾಗಿ ತನ್ನದೇ ಸಂಸ್ಥೆಗಳನ್ನೂ ಕಟ್ಟಿಕೊಂಡದ್ದನ್ನು ನಾನು ಕಂಡದ್ದು ಬಹಳ ವರ್ಷಗಳ ನಂತರ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಬಗೆಗೆ ಓದತೊಡಗಿದಾಗ. ಇಂದಿನ ಬರಹ ಅವರದೂ, ಅವರ ನೆರೆಯ ಪೆಸಿಫಿಕ್ ದ್ವೀಪಗಳ ಜನರದೂ ಆಗಿದೆ. ತಮ್ಮ ಬಗೆಗಿನ ಮಾಹಿತಿಯ ಮೇಲೆ ತಮ್ಮ ಸಮುದಾಯಕ್ಕೇ ಅಧಿಕಾರವಿರಬೇಕು ಎಂಬ ಅವರ ವಾದಕ್ಕೆ ಇಂಗ್ಲಿಷಿನಲ್ಲಿ ಇಟ್ಟಿರುವ ಹೆಸರನ್ನು ಕನ್ನಡದಲ್ಲಿ ‘ದತ್ತಾಂಶ ಸಾರ್ವಭೌಮತ್ವ’ ಎನ್ನಬಹುದು. ಹೆಸರು ಭಾರವಾಗಿದೆ, ಆದರೆ ಅದರೊಳಗಿನ ಮಾತು ಸರಳವಾಗಿದೆ.

2015ರ ಜುಲೈನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಹಲವು ದೇಶಗಳ ಮೂಲನಿವಾಸಿ ವಿದ್ವಾಂಸರು ಈ ವಿಷಯಕ್ಕಾಗಿಯೇ ಸೇರಿದ್ದರು. ಮಾವೋರಿ ಜನಸಂಖ್ಯಾಶಾಸ್ತ್ರಜ್ಞೆ ತಾಹು ಕುಕುತಾಯ್ ಆ ಸಭೆಯ ಹಿಂದಿದ್ದವರಲ್ಲಿ ಮುಖ್ಯರು. ಅಲ್ಲಿಂದ ಹೊರಟ ಚರ್ಚೆ ‘ತೆ ಮನ ರರೌಂಗ’ ಎಂಬ ಮಾವೋರಿ ಜಾಲವಾಗಿ ರೂಪುಗೊಂಡಿತು. ‘ರರೌಂಗ’ ಎಂದರೆ ಅವರ ನುಡಿಯಲ್ಲಿ ದತ್ತಾಂಶ. ಇದೇ ವಲಯದ ಟಾಸ್ಮೇನಿಯಾದ ಮೂಲನಿವಾಸಿ ಸಮಾಜಶಾಸ್ತ್ರಜ್ಞೆ ಮ್ಯಾಗಿ ವಾಲ್ಟರ್ ಅವರು ಮಾಡಿದ ಒಂದು ಗುರುತಿಸುವಿಕೆ ನನ್ನನ್ನು ಬಹುಕಾಲ ಕಾಡಿದೆ. ಸರ್ಕಾರಗಳು ಮೂಲನಿವಾಸಿಗಳ ಬಗೆಗೆ ಸಂಗ್ರಹಿಸುವ ಅಂಕಿಅಂಶಗಳು ಬಹುಮಟ್ಟಿಗೆ ಐದೇ ಸಂಗತಿಗಳನ್ನು ಹೇಳುತ್ತವೆ, ಅವು ಅಂತರ, ವಂಚಿತತೆ, ಅನನುಕೂಲ, ಅವ್ಯವಸ್ಥೆ, ಭಿನ್ನತೆ ಎಂದು ಅವರು ತೋರಿಸಿಕೊಟ್ಟರು. ಇದನ್ನು ಓದಿದ ದಿನ ನನ್ನ ಹನ್ನೆರಡು ಪುಟಗಳ ಪ್ರಶ್ನಾವಳಿಯನ್ನು ಮನಸ್ಸಿನಲ್ಲೇ ಮತ್ತೆ ತಿರುವಿದೆ. ಆ ಜನರಿಗೆ ಏನಿಲ್ಲ ಎಂಬುದನ್ನು ನಾವು ಹತ್ತು ಪುಟಗಳಲ್ಲಿ ಕೇಳಿದ್ದೆವು. ಏನಿದೆ ಎಂಬುದನ್ನು ಕೇಳಿದ್ದು ಕೊನೆಯ ಎರಡು ಪುಟಗಳಲ್ಲಿ ಮಾತ್ರ, ಅದೂ ನಮಗೆ ಉಪಯೋಗಕ್ಕೆ ಬರಬಹುದಾದ ಗಿಡಮೂಲಿಕೆಗಳ ಬಗೆಗೆ.

ಮಾವೋರಿಗಳ ವಾದಕ್ಕೆ ಬಲ ಬಂದಿರುವುದು ಒಂದು ಹಳೆಯ ಕರಾರಿನಿಂದ. 1840ರ ಫೆಬ್ರವರಿ 6ರಂದು ಬ್ರಿಟಿಷ್ ಸಾಮ್ರಾಜ್ಯಕ್ಕೂ ಮಾವೋರಿ ಮುಖಂಡರಿಗೂ ನಡುವೆ ಆದ ವೈತಂಗಿ ಒಪ್ಪಂದದ ಮಾವೋರಿ ಪಾಠ, ಅದರ ಎರಡನೆಯ ಕಲಮಿನಲ್ಲಿ, ಅವರ ಭೂಮಿ, ಊರುಗಳು ಮತ್ತು ‘ತಾವೊಂಗ’ಗಳೆಲ್ಲದರ ಮೇಲಿನ ಒಡೆತನ ಅವರಲ್ಲೇ ಉಳಿಯುತ್ತದೆ ಎನ್ನುತ್ತದೆ. ತಾವೊಂಗ ಎಂದರೆ ಅಮೂಲ್ಯವಾದದ್ದು, ಹಿರಿಯರಿಂದ ಬಂದು ಕಿರಿಯರಿಗೆ ಸಲ್ಲಬೇಕಾದದ್ದು. ಮಾತನಾಡುವ ಭಾಷೆಯೂ ತಾವೊಂಗವೇ ಎಂದು, ಆ ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸುವ ವೈತಂಗಿ ನ್ಯಾಯಮಂಡಳಿ 1986ರಲ್ಲಿ ಒಪ್ಪಿಕೊಂಡಿತು, ಮರುವರ್ಷವೇ ಮಾವೋರಿ ಅಧಿಕೃತ ಭಾಷೆಯಾಯಿತು. ಭಾಷೆ ತಾವೊಂಗವಾದರೆ ಆ ಭಾಷೆಯ ಧ್ವನಿಮುದ್ರಣಗಳೂ, ಜನರ ವಂಶದ ವಿವರಗಳೂ, ಅವರ ಆರೋಗ್ಯ ಮತ್ತು ನೆಲದ ಬಗೆಗಿನ ದಾಖಲೆಗಳೂ ಯಾಕಾಗಬಾರದು ಎಂಬುದು ಮುಂದಿನ ಪ್ರಶ್ನೆಯಾಗಿತ್ತು. 2021ರಲ್ಲಿ, ಪೆಸಿಫಿಕ್ ದೇಶಗಳ ಒಂದು ದೊಡ್ಡ ವ್ಯಾಪಾರ ಒಪ್ಪಂದದ ಇ-ವಾಣಿಜ್ಯದ ಅಧ್ಯಾಯವನ್ನು ಪರಿಶೀಲಿಸಿದ ಅದೇ ನ್ಯಾಯಮಂಡಳಿ, ದತ್ತಾಂಶದ ಮೇಲಿನ ಮಾವೋರಿ ಹಿತಾಸಕ್ತಿಗಳನ್ನು ಕಾಯುವಲ್ಲಿ ಸರ್ಕಾರ ತನ್ನ ಹೊಣೆಯನ್ನು ಪೂರ್ತಿ ನಿರ್ವಹಿಸಿಲ್ಲ ಎಂದು ತೀರ್ಮಾನಿಸಿತು.

ಮಾವೋರಿ ಚಿಂತನೆಯಲ್ಲಿ ‘ಫಕಪಪ’ ಎಂಬ ಮಾತಿಗೆ ಕೇಂದ್ರಸ್ಥಾನವಿದೆ. ವಂಶಾವಳಿ ಎಂದು ಅದನ್ನು ಅನುವಾದಿಸಿದರೆ ಅರ್ಧವಷ್ಟೇ ಬಂದಂತೆ, ಏಕೆಂದರೆ ಅದು ಮನುಷ್ಯರ ಜೊತೆಗೆ ಬೆಟ್ಟ, ನದಿ, ದೋಣಿಗಳನ್ನೂ ಒಂದೇ ಬಳ್ಳಿಗೆ ಸೇರಿಸುತ್ತದೆ. ಆದರೂ ಕನ್ನಡ ಓದುಗರಿಗೆ ಇದು ತೀರಾ ದೂರದ ಮಾತಲ್ಲ. ನನ್ನ ತಾಯಿಯ ತವರು ಬೈಲಹೊಂಗಲದ ಕಡೆ. ಸುಗ್ಗಿ ಮುಗಿದ ಮೇಲೆ ಅಲ್ಲಿ ಹೆಳವರು ಎತ್ತಿನ ಮೇಲೆ ಬಂದು, ಮನೆಯ ಮುಂದೆ ಕುಳಿತು, ನಮ್ಮ ಅಜ್ಜನ ಅಜ್ಜನ ಹೆಸರಿನಿಂದ ತೊಡಗಿ ತೊಟ್ಟಿಲ ಕೂಸಿನವರೆಗೆ ಮನೆತನವನ್ನು ಒಪ್ಪಿಸುತ್ತಿದ್ದರು. ಹಿಂದಿನ ಸಲ ಬಂದು ಹೋದ ಮೇಲೆ ಯಾರು ಹುಟ್ಟಿದರು, ಯಾರು ಹೋದರು ಎಂದು ಕೇಳಿ ಸೇರಿಸಿಕೊಳ್ಳುತ್ತಿದ್ದರು. ಜೋಳವನ್ನೋ ಗೋಧಿಯನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಮನೆತನದ ಲೆಕ್ಕ ಅವರ ಬಳಿ ಇತ್ತು, ಆದರೆ ಅದನ್ನು ಅವರು ಮನೆಯವರ ಎದುರಿಗೇ, ಗಟ್ಟಿಯಾಗಿ, ತಪ್ಪಿದ್ದರೆ ತಿದ್ದಲು ಅವಕಾಶವಿರುವಂತೆ ಓದಬೇಕಿತ್ತು. ಮಾವೋರಿಗಳು ‘ಕೈತಿಯಾಕಿ’ ಎಂದು ಕರೆಯುವ ಪಾಲಕನ ಸ್ಥಾನ ನನಗೆ ಅರ್ಥವಾದದ್ದು ಹೆಳವರ ನೆನಪಿನ ಮೂಲಕ. ಪಾಲಕನು ಒಡೆಯನಲ್ಲ, ಕಾಪಿಟ್ಟುಕೊಂಡವನು, ಮತ್ತು ಪ್ರತಿವರ್ಷ ಬಾಗಿಲಿಗೆ ಬಂದು ಉತ್ತರ ಹೇಳಬೇಕಾದವನು.

ಇಲ್ಲಿಂದಲೇ ಇಡೀ ವಾದದ ತಿರುಳು ಹುಟ್ಟುತ್ತದೆ. ನಮ್ಮ ಕಾಲದ ಕಾನೂನು ಮಾಹಿತಿಯನ್ನು ವ್ಯಕ್ತಿಯ ಸೊತ್ತೆಂದು ಕಾಣುತ್ತದೆ. ಒಬ್ಬ ವ್ಯಕ್ತಿ ಸಹಿ ಹಾಕಿದರೆ ಒಪ್ಪಿಗೆ ಸಿಕ್ಕಿತೆಂದು ಮುಂದುವರಿಯುತ್ತದೆ. ಆದರೆ ನನ್ನ ರಕ್ತದ ಹನಿಯಲ್ಲಿ ನನ್ನ ತಂಗಿಯೂ, ಅವಳ ಮಗಳೂ, ಇನ್ನೂ ಹುಟ್ಟದ ಮೊಮ್ಮಕ್ಕಳೂ ಇದ್ದಾರೆ. ನಾನೊಬ್ಬಳು ಹಾಕುವ ಸಹಿ ಅವರೆಲ್ಲರ ಪರವಾದ ಸಹಿ ಹೇಗಾದೀತು?

ಟಾಂಗಾ ದ್ವೀಪಗಳಲ್ಲಿ ಈ ಪ್ರಶ್ನೆ 2000ದಲ್ಲಿ ಎದ್ದಿತು. ಸುಮಾರು ಒಂದು ಲಕ್ಷ ಜನರ ಆ ಪುಟ್ಟ ರಾಜ್ಯದಲ್ಲಿ ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಹೆಚ್ಚು, ಜನರ ನಡುವಿನ ಸಂಬಂಧಗಳೂ ಹತ್ತಿರದವು. ಆಟೋಜೆನ್ ಎಂಬ ಆಸ್ಟ್ರೇಲಿಯಾದ ಕಂಪನಿ ಅಲ್ಲಿನ ಆರೋಗ್ಯ ಸಚಿವಾಲಯದೊಡನೆ ಒಪ್ಪಂದ ಮಾಡಿಕೊಂಡು, ಟಾಂಗಾ ಜನರ ವಂಶವಾಹಿಗಳ ಸಂಗ್ರಹವನ್ನು ಸಂಶೋಧನೆಗೆ ಬಳಸುವ ಹಕ್ಕು ತನಗೆ ಸಿಕ್ಕಿದೆಯೆಂದು ಆ ವರ್ಷದ ನವೆಂಬರಿನಲ್ಲಿ ಪ್ರಕಟಿಸಿತು. ಲಾಭವಾದರೆ ಒಂದು ಪಾಲು, ಔಷಧ ಸಿದ್ಧವಾದರೆ ಟಾಂಗಾದವರಿಗೆ ಉಚಿತ ಎಂಬ ಭರವಸೆಗಳಿದ್ದವು, ರಕ್ತ ಕೊಡುವ ಪ್ರತಿಯೊಬ್ಬರ ಒಪ್ಪಿಗೆಯನ್ನೂ ಪಡೆಯುವುದಾಗಿ ಹೇಳಲಾಗಿತ್ತು. ಅಂದರೆ ನಮ್ಮ ಇಂದಿನ ನೀತಿಸಂಹಿತೆಗಳು ಕೇಳುವುದರಲ್ಲಿ ಬಹುಪಾಲು ಅಲ್ಲಿ ಇತ್ತು. ಆದರೂ ಜನ ವಿರೋಧಿಸಿದರು. ಲೋಪೆತಿ ಸೆನಿತುಲಿ ಮುಂತಾದ ಹೋರಾಟಗಾರರೂ ಚರ್ಚುಗಳೂ ಮುಂದಿಟ್ಟ ಮುಖ್ಯ ಆಕ್ಷೇಪ ಹಣದ್ದಲ್ಲ, ಒಬ್ಬೊಬ್ಬ ವ್ಯಕ್ತಿಯ ಗೋಪ್ಯತೆಯದೂ ಅಲ್ಲ. ಟಾಂಗಾದಲ್ಲಿ ಮನುಷ್ಯನೆಂದರೆ ವಿಸ್ತೃತ ಕುಟುಂಬದ ಒಂದು ಎಳೆ. ಒಬ್ಬನ ಒಪ್ಪಿಗೆಯಿಂದ ಇಡೀ ಕುಟುಂಬದ ಗುಟ್ಟು ಹೊರಹೋಗುವಾಗ ಆ ಕುಟುಂಬಕ್ಕೆ ಬೇಡವೆನ್ನುವ ಅವಕಾಶವೇ ಇಲ್ಲವಲ್ಲ ಎಂದು ಅವರು ಕೇಳಿದರು. ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು.

ಪಪುವಾ ನ್ಯೂಗಿನಿಯ ಹಗಹಾಯ್ ಜನರ ವಿಷಯದಲ್ಲಿ ಇಂಥದ್ದೇ ಪ್ರಶ್ನೆ ಇನ್ನೂ ಮೊದಲೇ ಎದ್ದಿತ್ತು. ಹೊರಜಗತ್ತಿನೊಡನೆ ನಿಕಟ ಸಂಪರ್ಕ ಬಂದು ಹೆಚ್ಚು ಕಾಲವಾಗಿರದ ಆ ಸಣ್ಣ ಗುಂಪಿನ ಒಬ್ಬ ಪುರುಷನ ರಕ್ತದಿಂದ ಬೆಳೆಸಿದ ಜೀವಕೋಶಗಳ ಮೇಲೆ 1995ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಪೇಟೆಂಟ್ ಮಂಜೂರಾಯಿತು. ಜಗತ್ತಿನಾದ್ಯಂತ ಟೀಕೆ ಎದ್ದು, ಮರುವರ್ಷ ಸಂಸ್ಥೆ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಸಂಶೋಧಕರ ಉದ್ದೇಶ ಕೆಟ್ಟದಾಗಿತ್ತೆಂದು ನಾನು ಹೇಳಲಾರೆ. ಆ ರಕ್ತದಲ್ಲಿದ್ದ ವೈರಾಣುವಿನ ಅಧ್ಯಯನ ಉಪಯುಕ್ತವೇ ಆಗಿತ್ತು. ಆದರೆ ಒಳ್ಳೆಯ ಉದ್ದೇಶ ಮತ್ತು ಅಧಿಕಾರ ಬೇರೆ ಬೇರೆ. 1998ರಲ್ಲಿ ನನ್ನ ಉದ್ದೇಶವೂ ಒಳ್ಳೆಯದೇ ಆಗಿತ್ತು.

ಇನ್ನು ತೆ ಹಿಕು ಮೀಡಿಯಾದ ಕಥೆ. ನ್ಯೂಜಿಲೆಂಡಿನ ಉತ್ತರದ ತುದಿಗೆ ಸಮೀಪದ ಕೈತಾಯ ಎಂಬ ಸಣ್ಣ ಪಟ್ಟಣದಲ್ಲಿ, ಆ ಭಾಗದ ಐದು ‘ಇವಿ’ಗಳು, ಅಂದರೆ ಕುಲಗಳು, ಸೇರಿ ನಡೆಸುವ ಬಾನುಲಿ ಕೇಂದ್ರವದು. ಮಾವೋರಿಯನ್ನೇ ತಾಯಿನುಡಿಯಾಗಿ ಆಡಿ ಬೆಳೆದ ಹಿರಿಯರ ಮಾತುಗಳನ್ನು ಅವರು ದಶಕಗಳ ಕಾಲ ಮುದ್ರಿಸಿಟ್ಟಿದ್ದರು. ಶಾಲೆಯಲ್ಲಿ ತಮ್ಮ ನುಡಿಯಾಡಿದ್ದಕ್ಕೆ ಪೆಟ್ಟು ತಿಂದ ತಲೆಮಾರು ಅದು. ಆ ಧ್ವನಿಭಂಡಾರವನ್ನು ಬರಹಕ್ಕಿಳಿಸಿ ಹುಡುಕಲು ಬರುವಂತೆ ಮಾಡಬೇಕೆಂದರೆ, ಮಾವೋರಿ ಮಾತನ್ನು ಅರಿತು ಬರೆಯುವ ಕಂಪ್ಯೂಟರ್ ಬೇಕಿತ್ತು, ಅಂಥದ್ದು ಎಲ್ಲಿಯೂ ಇರಲಿಲ್ಲ. ಕೇಂದ್ರದ ಮುಖ್ಯಸ್ಥ ಪೀಟರ್-ಲ್ಯೂಕಸ್ ಜೋನ್ಸ್ ಮತ್ತು ಅವರ ಜೊತೆಗಾರ, ಹವಾಯಿ ಮೂಲದ ಕೆಓನಿ ಮಹೆಲೋನ, ಅದನ್ನು ತಾವೇ ಕಟ್ಟಲು ನಿರ್ಧರಿಸಿದರು.

2018ರಲ್ಲಿ ಅವರು ಜನರಿಗೆ ಕರೆ ಕೊಟ್ಟರು. ತಂಡಗಳ ನಡುವೆ ಸ್ಪರ್ಧೆ ಏರ್ಪಡಿಸಿ, ಪರದೆಯ ಮೇಲೆ ಬರುವ ವಾಕ್ಯಗಳನ್ನು ಓದಿ ಧ್ವನಿ ಕೊಡಿ ಎಂದು ಕೇಳಿದರು. ಹತ್ತು ದಿನಗಳಲ್ಲಿ ಸುಮಾರು 2,500 ಜನ ಎರಡು ಲಕ್ಷ ವಾಕ್ಯಗಳನ್ನು ಓದಿ 310 ಗಂಟೆಗಳ ಧ್ವನಿಯನ್ನು ಕೊಟ್ಟರು. ಇಷ್ಟು ಬೇಗ ಇಷ್ಟೊಂದು ಧ್ವನಿ ಸೇರಿದ್ದನ್ನು ತಂತ್ರಜ್ಞಾನದ ಸಾಧನೆಯೆಂದು ನಾನು ಓದುವುದಿಲ್ಲ. ಕೇಳಿದವರು ತಮ್ಮವರು, ಹತ್ತಿರ ಹತ್ತಿರ ಮೂವತ್ತು ವರ್ಷ ತಮ್ಮೂರಿನ ಸಾವು, ಮದುವೆ, ಸಭೆಗಳ ಸುದ್ದಿಯನ್ನು ಬಾನುಲಿಯಲ್ಲಿ ಹೇಳಿದವರು ಎಂಬ ನಂಬಿಕೆಯೇ ಆ 310 ಗಂಟೆಗಳು. ಯಾರು ಬೇಕಾದರೂ ಬಳಸಬಹುದಾದ ಮೊಜಿಲ್ಲಾದ ಮುಕ್ತ ತಂತ್ರಾಂಶದಿಂದ ತೊಡಗಿ, ಮುಂದೆ ತಮ್ಮದೇ ಯಂತ್ರಗಳಲ್ಲಿ ಮಾದರಿಗಳನ್ನು ತರಬೇತುಗೊಳಿಸಿ, ಮಾವೋರಿ ಮಾತನ್ನು ಶೇ. 92ರಷ್ಟು ನಿಖರವಾಗಿ, ಮಾವೋರಿ ಮತ್ತು ಇಂಗ್ಲಿಷ್ ಬೆರೆತ ಮಾತನ್ನು ಶೇ. 82ರಷ್ಟು ನಿಖರವಾಗಿ ಬರೆಯುವ ಹಂತಕ್ಕೆ ಅವರು ತಲುಪಿದರು.

ಈ ನಡುವೆ ಕೊಳ್ಳುವವರೂ ಬಂದರು. ಅಮೆರಿಕದ ಒಂದು ಕಂಪನಿ ಗಂಟೆಗೆ 45 ಡಾಲರ್ ಕೊಡುವುದಾಗಿ ಹೇಳಿ ಧ್ವನಿ ಕೇಳಿತು. ತೆ ಹಿಕು ಒಪ್ಪಲಿಲ್ಲ. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗಿದೆ: ನಮ್ಮ ಅಜ್ಜ ಅಜ್ಜಿಯರ ಬಾಯಿಂದ ಹೊಡೆದು ಬಡಿದು ಬಿಡಿಸಿದ ಭಾಷೆಯನ್ನು, ನಾವು ಮತ್ತೆ ಕಷ್ಟಪಟ್ಟು ಕೂಡಿಸಿದ ಮೇಲೆ ಕೊಂಡೊಯ್ದು, ಒಂದು ಸೇವೆಯ ರೂಪದಲ್ಲಿ ನಮಗೇ ಮಾರಲು ಹೊರಟಿದ್ದೀರಿ. ಭೂಮಿಯನ್ನು ಕಳೆದುಕೊಂಡ ಜನ ಹಾಗೆ ಮಾತನಾಡಿದರೆ ಅದನ್ನು ಅತಿಯೆಂದು ಹೇಳುವ ಹಕ್ಕು ಯಾರಿಗಿದೆ? ದತ್ತಾಂಶವನ್ನು ಸುಮ್ಮನೆ ಮುಚ್ಚಿಡುವುದಕ್ಕೂ ಅವರು ಹೊರಡಲಿಲ್ಲ, ‘ಕೈತಿಯಾಕಿತಂಗ ಪರವಾನಗಿ’ ಎಂಬ ಹೊಸ ಬಗೆಯ ಕರಾರನ್ನು ಬರೆದರು. ಅದರಂತೆ ಧ್ವನಿ ಯಾರ ಆಸ್ತಿಯೂ ಅಲ್ಲ. ತೆ ಹಿಕು ಅದರ ಪಾಲಕ ಮಾತ್ರ. ಬಳಸಬಯಸುವವರು ಕೇಳಬೇಕು, ಮತ್ತು ಅದರಿಂದ ಬರುವ ಪ್ರಯೋಜನ ಆ ಧ್ವನಿ ಕೊಟ್ಟ ಜನರಿಗೆ ಸಲ್ಲಬೇಕು. ಮುಕ್ತ ತಂತ್ರಾಂಶದ ನೆರವಿನಿಂದಲೇ ಕೆಲಸ ಆರಂಭಿಸಿ ತಮ್ಮ ದತ್ತಾಂಶವನ್ನು ಮುಕ್ತವಾಗಿಡದಿರುವುದು ಸರಿಯೇ ಎಂದು ಕೇಳಿದವರಿದ್ದಾರೆ. ಮುಕ್ತ ಎಂಬ ಬಾಗಿಲಿನ ಮೂಲಕ ಒಳಬರುವ ಶಕ್ತಿ ಎಲ್ಲರಿಗೂ ಒಂದೇ ಸಮನಾಗಿ ಇರುವುದಿಲ್ಲ, ದೊಡ್ಡ ಯಂತ್ರಗಳಿರುವವರೇ ಅದರಿಂದ ಹೆಚ್ಚು ಹೊತ್ತೊಯ್ಯುತ್ತಾರೆ ಎಂಬ ಉತ್ತರ ನನಗೆ ಒಪ್ಪಿಗೆಯಾಗಿದೆ.

2022ರಲ್ಲಿ ಅಮೆರಿಕದ ಕೃತಕ ಬುದ್ಧಿಮತ್ತೆಯ ಕಂಪನಿ ಓಪನ್‌ಎಐ ಬಿಡುಗಡೆ ಮಾಡಿದ ‘ವಿಸ್ಪರ್’ ಎಂಬ ಮಾತು ಗುರುತಿಸುವ ಮಾದರಿ ಈ ಕಥೆಗೆ ಇನ್ನೊಂದು ತಿರುವನ್ನು ಕೊಟ್ಟಿತು. ಅಂತರ್ಜಾಲದಿಂದ ಸಂಗ್ರಹಿಸಿದ 6 ಲಕ್ಷ 80 ಸಾವಿರ ಗಂಟೆಗಳ ಧ್ವನಿಯಿಂದ ಅದನ್ನು ಕಲಿಸಲಾಗಿತ್ತು. ಅದರಲ್ಲಿ 1,381 ಗಂಟೆ ಮಾವೋರಿಯದೆಂದು ಲೆಕ್ಕ ಕೊಡಲಾಗಿತ್ತು. ತೆ ಹಿಕು ಕಷ್ಟಪಟ್ಟು ಕೇಳಿ ಪಡೆದ ಧ್ವನಿಯ ನಾಲ್ಕು ಪಟ್ಟಿಗಿಂತ ಹೆಚ್ಚು, ಅದೂ ಅಂತರ್ಜಾಲದಿಂದ ನೇರವಾಗಿ ಎತ್ತಿಕೊಂಡದ್ದು. ಬಾಗಿಲು ಹಾಕಿದ ಮನೆಗೆ ಹಿತ್ತಲಿಂದ ಬಂದಂತಾಯಿತು. ತೆ ಹಿಕುವಿನವರು ಅದನ್ನು ಪರೀಕ್ಷಿಸಿ, ಟೀಕಿಸಿ ಬರೆದರು, ತಮ್ಮ ಮಾದರಿಯ ಕೆಲಸವನ್ನು ಮುಂದುವರಿಸಿದರು. ಬೇಡವೆನ್ನುವುದು ಮಾತ್ರ ಸಾಲದು, ತಾವೇ ಮಾಡಿ ತೋರಿಸುವ ಶಕ್ತಿಯೂ ಬೇಕು ಎಂಬುದನ್ನು ಕೈತಾಯದ ಈ ಜನ ಮೊದಲೇ ಅರಿತಿದ್ದರು.

ಆದರೆ ಈ ಚರ್ಚೆಯನ್ನು ಕಳ್ಳತನ ಮತ್ತು ಕಾವಲಿನ ಮಾತಾಗಿ ಮಾತ್ರ ನೋಡಿದರೆ ಇನ್ನೊಂದು ಬಗೆಯ ಅನ್ಯಾಯ ಕಣ್ತಪ್ಪುತ್ತದೆ. ತೆಗೆದುಕೊಂಡು ಹೋಗುವುದು ಒಂದು, ಲೆಕ್ಕಕ್ಕೇ ಹಿಡಿಯದಿರುವುದು ಇನ್ನೊಂದು. ನ್ಯೂಜಿಲೆಂಡಿನ ಜನಗಣತಿ 1980ರ ದಶಕದ ಆರಂಭದವರೆಗೂ ಅರ್ಧಕ್ಕಿಂತ ಕಡಿಮೆಯಿಲ್ಲದ ರಕ್ತವಿದ್ದವರನ್ನು ಮಾವೋರಿಗಳೆಂದು ಎಣಿಸುತ್ತಿತ್ತು, ತಾನು ಯಾರೆಂದು ಹೇಳುವ ಹಕ್ಕು ಮನುಷ್ಯನದಲ್ಲ, ಪ್ರಮಾಣದ್ದು ಎಂಬಂತೆ. 1986ರಲ್ಲಿ ಅದು ಬದಲಾಯಿತು. 1991ರಿಂದ ಯಾವ ಇವಿಗೆ ಸೇರಿದವರೆಂದು ಕೇಳುವ ಪ್ರಶ್ನೆ ಬಂತು. ಇವಿಗಳಿಗೆ ಇದು ಹೆಮ್ಮೆಯ ವಿಷಯ ಮಾತ್ರವಾಗಿರಲಿಲ್ಲ. ಭೂಮಿ ಕಳೆದುಕೊಂಡದ್ದಕ್ಕೆ ಪರಿಹಾರ ಪಡೆದ ಇವಿಗಳು ಶಾಲೆ, ಮನೆ, ಆರೋಗ್ಯ, ಭಾಷೆಯ ಕೆಲಸಕ್ಕೆ ಯೋಜನೆ ಹಾಕಬೇಕು, ಅವರ ಜನರಲ್ಲಿ ಹಲವರು ಮೂಲ ನೆಲೆಯನ್ನು ಬಿಟ್ಟು ಆಕ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದಾರೆ. ನಮ್ಮವರು ಎಷ್ಟು, ಎಲ್ಲಿದ್ದಾರೆ, ಎಷ್ಟು ಮಂದಿಗೆ ಭಾಷೆ ಬರುತ್ತದೆ ಎಂಬುದಕ್ಕೆ ಅವರಿಗಿದ್ದ ಮುಖ್ಯ ಆಧಾರ ಗಣತಿಯ ಆ ಒಂದು ಪ್ರಶ್ನೆ.

2018ರ ಮಾರ್ಚಿನ ಗಣತಿಯನ್ನು ಬಹುಮಟ್ಟಿಗೆ ಅಂತರ್ಜಾಲದ ಮೂಲಕ ನಡೆಸಲು ಹೋದಾಗ ಆ ಆಧಾರ ಕುಸಿಯಿತು. ದೇಶದ ಒಟ್ಟು ಜನರಲ್ಲಿ ಶೇ. 83.3ರಷ್ಟು ಮಂದಿಯಿಂದ ನಮೂನೆಗಳು ಬಂದರೆ, ಮಾವೋರಿಗಳಲ್ಲಿ ಅದು ಶೇ. 68.2, ಪೆಸಿಫಿಕ್ ದ್ವೀಪ ಮೂಲದವರಲ್ಲಿ ಶೇ. 65.1. ಬಿಟ್ಟುಹೋದವರ ವಯಸ್ಸು, ಲಿಂಗ, ಜನಾಂಗಗಳನ್ನು ಬೇರೆ ಸರ್ಕಾರಿ ಕಡತಗಳಿಂದ ತುಂಬಿಸಿದರು. ಇವಿಯ ಹೆಸರು ಮಾತ್ರ ಯಾವ ತೆರಿಗೆ ಕಡತದಲ್ಲೂ ಇರಲಿಲ್ಲ, ಆಸ್ಪತ್ರೆಯ ಕಡತದಲ್ಲೂ ಇರಲಿಲ್ಲ. ಹೀಗಾಗಿ ಇವಿಗಳ ಅಧಿಕೃತ ಅಂಕಿಅಂಶಗಳು ಪ್ರಕಟವಾಗಲೇ ಇಲ್ಲ. ಸ್ವತಂತ್ರ ಪರಿಶೀಲನೆಯ ನಂತರ, 2019ರ ಆಗಸ್ಟಿನಲ್ಲಿ, ದೇಶದ ಮುಖ್ಯ ಸಂಖ್ಯಾಶಾಸ್ತ್ರಜ್ಞೆ ರಾಜೀನಾಮೆ ಕೊಟ್ಟರು. ಸಂಖ್ಯಾಶಾಸ್ತ್ರ ಓದಿದವಳಾಗಿ ಈ ಪ್ರಸಂಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ದತ್ತಾಂಶದಲ್ಲಿ ‘ಖಾಲಿ ಜಾಗ’ ಎಂದು ನಾವು ಕರೆಯುವುದನ್ನು ತುಂಬುವ ಸೂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಕುಲದ ಹೆಸರನ್ನು ತುಂಬಿಕೊಡುವ ಸೂತ್ರ ನನಗೆ ಗೊತ್ತಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಇವಿಗಳ ಮುಖಂಡರ ಗುಂಪಿಗೂ ಸರ್ಕಾರದ ಅಂಕಿಅಂಶ ಇಲಾಖೆಗೂ ನಡುವೆ ಸಮಾನ ಅಧಿಕಾರದ ಒಪ್ಪಂದವಾಯಿತು. ಆ ಗುಂಪಿನ ಪರವಾಗಿ ಕೆಲಸ ಮಾಡುವ ‘ತೆ ಕಾಹುಯಿ ರರೌಂಗ’ ಎಂಬ ಸಂಸ್ಥೆ ಇವಿಗಳಿಗೆ ಅವರವರ ಅಂಕಿಅಂಶ ಸಿಗುವಂತೆ ಒಂದು ತಾಣವನ್ನು 2021ರಲ್ಲಿ ತೆರೆಯಿತು. ಅದರ ಹೆಸರು ‘ತೆ ಫತ’. ಫತ ಎಂದರೆ ಇಲಿ, ಹೆಗ್ಗಣಗಳಿಗೆ ಸಿಗದಂತೆ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿ ಆಹಾರವನ್ನು ಕಾಪಿಡುವ ಅಟ್ಟ. ನಮ್ಮ ಕಣಜಕ್ಕೆ ಹತ್ತಿರದ ಮಾತು. 2023ರ ಗಣತಿಯಲ್ಲಿ ಪೂರ್ವ ಕರಾವಳಿಯ ತೆ ಫಾನೌ ಆ ಅಪನುಯಿ ಇವಿಯೂ, ಉತ್ತರ ತುದಿಯ ಇವಿಗಳೂ ತಮ್ಮ ಪ್ರದೇಶದ ಎಣಿಕೆಯನ್ನು ತಾವೇ ಮುಂದೆ ನಿಂತು ನಡೆಸಿದವು. ಎಲ್ಲವೂ ಸುಸೂತ್ರವಾಯಿತೆಂದಲ್ಲ. ಆಕ್ಲೆಂಡಿನ ಒಂದು ಸಮುದಾಯ ಕೇಂದ್ರದಲ್ಲಿ ಗಣತಿಯ ಮಾಹಿತಿ ರಾಜಕೀಯಕ್ಕೆ ಬಳಕೆಯಾಯಿತೆಂಬ ಆರೋಪ 2024ರಲ್ಲಿ ಬಂತು. ಮಾಹಿತಿಯ ರಕ್ಷಣೆಗೆ ಸರ್ಕಾರಿ ಸಂಸ್ಥೆಗಳು ಮಾಡಿದ್ದ ಏರ್ಪಾಡು ಸಾಲದಾಗಿತ್ತೆಂದು 2025ರ ಫೆಬ್ರವರಿಯ ವಿಚಾರಣಾ ವರದಿ ಹೇಳಿತು. ಸಮುದಾಯದ ಕೈಗೆ ಬಂದ ಮಾತ್ರಕ್ಕೆ ದತ್ತಾಂಶ ಸುರಕ್ಷಿತವಾಗುವುದಿಲ್ಲ, ಅಲ್ಲಿಯೂ ಬೀಗ ಬೇಕು, ಬೀಗದ ಕೈ ಯಾರಲ್ಲಿದೆ ಎಂಬ ಲೆಕ್ಕವೂ ಬೇಕು. ಇದನ್ನು ನೆಪವಾಗಿಸಿ ಹಳೆಯ ಏರ್ಪಾಡಿಗೆ ಮರಳಬೇಕೆನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಈ ನಡುವೆ, ಐದು ವರ್ಷಕ್ಕೊಮ್ಮೆಯ ಗಣತಿಯನ್ನೇ ನಿಲ್ಲಿಸಿ 2030ರಿಂದ ಮುಖ್ಯವಾಗಿ ಸರ್ಕಾರಿ ಕಡತಗಳಿಂದ, ಜೊತೆಗೆ ಸಣ್ಣ ವಾರ್ಷಿಕ ಸಮೀಕ್ಷೆಯಿಂದ ಅಂಕಿಅಂಶ ತಯಾರಿಸುವುದಾಗಿ ನ್ಯೂಜಿಲೆಂಡ್ ಸರ್ಕಾರ 2025ರ ಜೂನಿನಲ್ಲಿ ಪ್ರಕಟಿಸಿದೆ. ಕಡತಗಳಿಂದ ಇವಿಗಳ ಲೆಕ್ಕ ಸಿಗುವುದಿಲ್ಲವೆಂಬುದನ್ನು 2018ರ ಗಣತಿ ಆಗಲೇ ತೋರಿಸಿದೆ. ಸೆರೆಮನೆಗೆ ಹೋದವರು, ಸಹಾಯಧನ ಪಡೆದವರು, ಆಸ್ಪತ್ರೆ ಸೇರಿದವರು ಕಡತದಲ್ಲಿರುತ್ತಾರೆ. ಮೊಮ್ಮಕ್ಕಳಿಗೆ ಭಾಷೆ ಕಲಿಸುವ ಅಜ್ಜಿ ಯಾವ ಕಡತದಲ್ಲೂ ಇರುವುದಿಲ್ಲ. ಮ್ಯಾಗಿ ವಾಲ್ಟರ್ ಗುರುತಿಸಿದ ಆ ಐದು ಸಂಗತಿಗಳೇ ಮತ್ತೆ ಉಳಿದುಬಿಡುತ್ತವೆಯೋ ಎಂಬ ಭಯ ನನ್ನದು.

ನಮ್ಮಲ್ಲಿ ಈ ವಿಚಾರ ಸುಳಿದಿಲ್ಲವೆಂದೇನೂ ಇಲ್ಲ. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಬೆಂಗಳೂರಿನ ಕ್ರಿಸ್ ಗೋಪಾಲಕೃಷ್ಣನ್ ಅಧ್ಯಕ್ಷತೆಯ ಕೇಂದ್ರ ಸರ್ಕಾರದ ಸಮಿತಿಯೊಂದು 2020ರಲ್ಲಿ, ಸಮುದಾಯಕ್ಕೆ ಸೇರಿದ ದತ್ತಾಂಶವೆಂಬುದೊಂದಿದೆ, ಅದನ್ನು ಸಮುದಾಯದ ಪರವಾಗಿ ನೋಡಿಕೊಳ್ಳುವ ವಿಶ್ವಸ್ತರು ಬೇಕು ಎಂದು ಹೇಳಿತ್ತು. ಅದು ಕಾನೂನಾಗಲಿಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹೆಸರೇ ಹೇಳುವಂತೆ, ವ್ಯಕ್ತಿಯನ್ನು ಮಾತ್ರ ಬಲ್ಲದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು; ಬೇರು, ತೊಗಟೆಗಳ ಅರಿವನ್ನು ಅದರಲ್ಲಿ ಬರೆಯಬೇಕು. ಬರೆಯುವವರು ಯಾರು, ಓದುವವರು ಯಾರು ಎಂಬುದನ್ನು ಪಂಚಾಯಿತಿಯ ಸಭೆಯಲ್ಲಿ ಕೂತು ತೀರ್ಮಾನಿಸಿದ ಊರುಗಳು ಎಷ್ಟಿವೆ? ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ ನಡೆಸುವ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳಿಂದ ಮಾತನ್ನು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಹಂಚುತ್ತಿದೆ. ಕೋಟಿಗಟ್ಟಲೆ ಜನ ಆಡುವ ಕನ್ನಡಕ್ಕೆ ಇದರಿಂದ ಒಳಿತೇ ಹೆಚ್ಚೆಂದು ನಂಬಿದ್ದೇನೆ. ಆದರೆ ಕೆಲವೇ ಸಾವಿರ ಜನ ಆಡುವ ನುಡಿಗೂ ಅದೇ ನಿಯಮ ಹೊಂದುತ್ತದೆಯೇ ಎಂಬುದನ್ನು ಆ ನುಡಿಯವರಲ್ಲೇ ಕೇಳಬೇಕು, ನಾವು ಕನ್ನಡಿಗರು ಅವರ ಪರವಾಗಿ ಉತ್ತರಿಸಬಾರದು.

ಬಿಳಿಗಿರಿರಂಗನ ಬೆಟ್ಟದಲ್ಲಿಯೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಸೋಲಿಗರು ಸಂಶೋಧಕರ ಜೊತೆ ಸೇರಿ ಕಾಡಿನೊಳಗಿನ ತಮ್ಮ ದೇವರ ನೆಲೆಗಳನ್ನೂ ಹಿರಿಯರ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸಿದರು, ನೂರಾರು ತಾಣಗಳು, ಪ್ರತಿಯೊಂದಕ್ಕೂ ಅವರದೇ ಹೆಸರು. ಈ ಕಾಡು ನಮ್ಮದೆಂದು ಹೇಳಲು ಕೈಯಲ್ಲಿ ತಮ್ಮದೇ ದಾಖಲೆಯಿತ್ತು. 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದವರಲ್ಲಿ ಅವರು ಮೊದಲಿಗರಾದರು.

ನನ್ನ ಸಮೀಕ್ಷೆಯ ಮೂಲ ಕಾಗದಗಳು ಈಗ ಎಲ್ಲಿವೆಯೋ ತಿಳಿಯದು, ಆದರೆ ದಿನದ ಕೊನೆಗೆ ನಾನು ಬರೆದಿಟ್ಟುಕೊಳ್ಳುತ್ತಿದ್ದ ಟಿಪ್ಪಣಿ ಪುಸ್ತಕ ಉಳಿದಿದೆ. ಅದರಲ್ಲಿ ಅಜ್ಜಿಯ ಹೆಸರಿದೆ, ಅವರ ಕುಲದ ಹೆಸರಿದೆ, ತೀರಿಕೊಂಡ ಇಬ್ಬರು ಮಕ್ಕಳ ಹೆಸರಿದೆ, ಇನ್ನೊಂದು ಮನೆಯ ಹಿರಿಯರು ಹೇಳಿದ ಹದಿನೇಳು ಮೂಲಿಕೆಗಳ ವಿವರವಿದೆ. ಅದನ್ನು ಗಣಕಕ್ಕೆ ಏರಿಸಿಡು ಎಂದು ಗೆಳತಿಯೊಬ್ಬಳು ಹೇಳಿದಳು. ನಾನು ಏರಿಸಿಲ್ಲ. ಹಿಂದಿರುಗಿಸಬೇಕೆಂದು ನಿಶ್ಚಯಿಸಿದ್ದೇನೆ, ಆದರೆ ಯಾರಿಗೆ ಎಂಬಲ್ಲಿ ನಿಂತಿದ್ದೇನೆ. ಅಜ್ಜಿಯ ಮಾತು ಅವರ ಮನೆಗೆ ಹೋಗಬೇಕೇ, ಕುಲದ ಹಿರಿಯರಿಗೆ ಹೋಗಬೇಕೇ? ಮೂಲಿಕೆಗಳ ಪುಟಗಳನ್ನು ಹೇಳಿದವರ ಮಕ್ಕಳಿಗೆ ಬಿಟ್ಟು ಬೇರೆಯವರಿಗೆ ತೋರಿಸಬಹುದೇ? ಗ್ರಾಮಸಭೆಯಲ್ಲಿ ಇಟ್ಟರೆ ಯಾರ ಮನೆಯ ಸಾಲ, ಯಾರ ಮನೆಯ ಕುಡಿತ ಎಂಬುದೂ ಎಲ್ಲರ ಕಣ್ಣಿಗೆ ಬೀಳುತ್ತದೆಯಲ್ಲ? ಇವುಗಳನ್ನು ಮೈಸೂರಿನಲ್ಲಿ ಕುಳಿತು ನಾನೊಬ್ಬಳೇ ತೀರ್ಮಾನಿಸಿದರೆ 1998ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದಂತಾಗುತ್ತದೆ. ಅಲ್ಲಿನ ಅರಣ್ಯ ಹಕ್ಕು ಸಮಿತಿಯವರಿಗೆ ಕಳೆದ ವಾರ ಪತ್ರ ಬರೆದು, ಪುಸ್ತಕದಲ್ಲಿ ಏನೇನಿದೆಯೆಂದು ಹೆಸರುಗಳನ್ನು ಬಿಟ್ಟು ತಿಳಿಸಿ, ತಮ್ಮ ಮುಂದಿನ ಸಭೆ ಯಾವಾಗ, ನಾನು ಬರಬಹುದೇ ಎಂದು ಕೇಳಿದ್ದೇನೆ.